ಹಿತ್ತಾಳೆಯ ಫಿಲ್ಟರೂ ಸ್ಟೀಲಿನ ಫಿಲ್ಟರೂ

ಕಾಫಿಯ ವಿಷಯವಾಗಿ ನಮ್ಮ ಜನ ಮಾತನಾಡುವಾಗ ಬೀಜದ ಮಾತು ಬರುತ್ತದೆ, ಪುಡಿಯ ಮಾತು ಬರುತ್ತದೆ, ಹಾಲಿನ ಮಾತಂತೂ ಬಂದೇ ಬರುತ್ತದೆ. ಪುಡಿಗೂ ಲೋಟಕ್ಕೂ ನಡುವೆ ನಿಂತು ಕೆಲಸ ಮಾಡುವ ಪಾತ್ರೆಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಅದು ಸರಿಯಾಗಿರುವ ತನಕ ಅಂಥ ಒಂದು ಪಾತ್ರೆ ಅಡುಗೆಮನೆಯಲ್ಲಿ ಇದೆಯೆಂಬುದೇ ನೆನಪಿರುವುದಿಲ್ಲ. ಅದು ಕೆಟ್ಟು, ಅದರ ಬದಲಿಗೆ ಮತ್ತೊಂದು ಬಂದು, ಆ ಮತ್ತೊಂದರಿಂದ ಇಳಿದ ಕಾಫಿಯನ್ನು ಕುಡಿದು ಮನೆಮಂದಿ ಮುಖ ಮುಖ ನೋಡಿಕೊಂಡಾಗಲೇ ಫಿಲ್ಟರಿನ ವಿಚಾರ ಪ್ರಾರಂಭವಾಗುವುದು. ನಮ್ಮ ಮನೆಯಲ್ಲಿ ಎರಡು ವರ್ಷಗಳ ಹಿಂದೆ ಹಾಗಾಯಿತು. ಪುಡಿ ಅದೇ, ಹಾಲು ಅದೇ, ಮಾಡುವ ಕೈಯೂ ಅದೇ. ಕಾಫಿ ಮಾತ್ರ ಬೇರೆ. ಇದಕ್ಕೆ ಕಾರಣವೇನೆಂಬುದನ್ನು ತಿಳಿದ ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವಳಿಗೆ ಪಾತ್ರೆಗಳ ಗೊಡವೆ ಏಕೆಂದು ನಮ್ಮ ಅಧ್ಯಾಪಕರು ಕೇಳಬಹುದು. ಈ ಪಾತ್ರೆಯಲ್ಲಿ ಇತಿಹಾಸವೂ ಇದೆ, ಅರ್ಥಶಾಸ್ತ್ರವೂ ಇದೆ ಎಂಬುದೇ ನನ್ನ ಸಮಾಧಾನ.

ಮೊದಲು ಪಾತ್ರೆಯ ರಚನೆ. ಒಂದರ ಮೇಲೊಂದು ಕೂರುವ ಎರಡು ಪಾತ್ರೆಗಳು. ಮೇಲಿನದರ ತಳದಲ್ಲಿ ಸಣ್ಣ ರಂಧ್ರಗಳು. ಪುಡಿಯನ್ನು ಹಾಕಿ ಮೇಲಿನಿಂದ ಅದುಮಲು ಹಿಡಿಯಿರುವ ಒಂದು ತೂತಿನ ಬಿಲ್ಲೆ; ಇದನ್ನು ನಮ್ಮ ಮನೆಯಲ್ಲಿ ಛತ್ರಿಯೆನ್ನುತ್ತೇವೆ. ಮೇಲೊಂದು ಮುಚ್ಚಳ. ಇಷ್ಟೇ. ಇದರಲ್ಲಿ ತಿರುಗುವ ಭಾಗವಿಲ್ಲ, ಉರಿಯುವ ಭಾಗವಿಲ್ಲ, ಕೆಡಬಹುದಾದದ್ದು ಏನೂ ಇಲ್ಲವೆಂದೇ ತೋರುತ್ತದೆ. ಈ ಬಗೆಯ ಪಾತ್ರೆಯ ಮೂಲ ನಮ್ಮ ದೇಶದ್ದಲ್ಲ. ಅದಕ್ಕೆ ಮುಂಚೆ ಕಾಫಿಯನ್ನು ಎಲ್ಲೆಲ್ಲೂ ಕುದಿಸಿ ಬಸಿಯುವುದೇ ವಾಡಿಕೆ. ಪುಡಿಯನ್ನು ಕುದಿಸದೆ, ಅದರ ಮೇಲೆ ಬಿಸಿನೀರನ್ನು ಹೊಯ್ದು ತೂತುಗಳ ಮೂಲಕ ತೊಟ್ಟಿಕ್ಕಿಸುವ ಪಾತ್ರೆಗಳು ಫ್ರಾನ್ಸಿನಲ್ಲಿ 1800ರ ಸುಮಾರಿಗೆ ಬಳಕೆಗೆ ಬಂದವು. ಶಾಖದ ಸ್ವರೂಪವನ್ನು ಕುರಿತು ಪ್ರಯೋಗ ನಡೆಸಿ ಹೆಸರಾದ ಕೌಂಟ್ ರಂಫರ್ಡ್ ಎಂಬಾತ 1812ರಲ್ಲಿ ಕಾಫಿಯನ್ನೇ ಕುರಿತು ಒಂದು ಪ್ರಬಂಧ ಬರೆದು, ಪುಡಿಯನ್ನು ಸಮವಾಗಿ ಅದುಮಬೇಕಾದ ಅಗತ್ಯವನ್ನೂ ಬಿಸಿ ಆರದಂತೆ ನೋಡಿಕೊಳ್ಳಬೇಕಾದ ಅಗತ್ಯವನ್ನೂ ವಿವರಿಸಿದ. ಇನ್ನೂರು ವರ್ಷಗಳಾದ ಮೇಲೂ ವಿಷಯದ ತಿರುಳು ಅಷ್ಟೇ: ಅದುಮುವುದು, ಬಿಸಿಯನ್ನು ಉಳಿಸುವುದು, ಕಾಯುವುದು.

ಬೀಜ ನಮ್ಮ ನಾಡಿಗೆ ಬಂದದ್ದು ಬಾಬಾ ಬುಡನ್ ಅವರಿಂದ, ಏಳು ಬೀಜಗಳಾಗಿ, ಹದಿನೇಳನೆಯ ಶತಮಾನದಲ್ಲಿ ಎಂಬ ಐತಿಹ್ಯ ಎಲ್ಲರಿಗೂ ಗೊತ್ತಿದೆ. ಇಂದು ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಆದರೆ ಕಾಫಿಯನ್ನು ಬೆಳೆಯುವ ಸೀಮೆಯ ಬಡವರ ಮನೆಯ ಕಾಫಿ ಫಿಲ್ಟರಿನ ಕಾಫಿಯಲ್ಲ. ನೀರಿಗೆ ಬೆಲ್ಲ ಹಾಕಿ ಕುದಿಸಿ, ಪುಡಿ ಉದುರಿಸಿ, ಬಟ್ಟೆಯಲ್ಲಿ ಸೋಸಿದ ಕರಿಯ ಕಾಫಿ. ತೋಟದ ಲೈನುಗಳಲ್ಲಿ ಈಗಲೂ ಅದೇ ಉಂಟು. ಅದು ಕೀಳೆಂದು ನಾನು ಹೇಳುವುದಿಲ್ಲ. ಮಳೆಗಾಲದ ಬೆಳಗ್ಗೆ ಅದಕ್ಕೆ ಸಮನಾದದ್ದಿಲ್ಲ. ಆದರೂ ಫಿಲ್ಟರಿನ ಕಾಫಿಯೆಂದರೆ ಬಂಗಲೆಯವರದು, ಹೋಟೆಲಿನವರದು, ಓದಿದವರದು ಎಂಬ ಭಾವನೆ ನಮ್ಮ ಕಡೆ ಬಹಳ ಕಾಲ ಇತ್ತು.

ನಮ್ಮ ಅಜ್ಜಿ ಸಕಲೇಶಪುರದ ಕಡೆಯ ಒಂದು ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದವರು. ಕೆಲಸ ಬಿಟ್ಟು ಊರಿಗೆ ಬರುವಾಗ ಬಂಗಲೆಯ ಅಮ್ಮನವರು ಹಳೆಯದೊಂದು ಹಿತ್ತಾಳೆಯ ಫಿಲ್ಟರನ್ನು ಅವರ ಕೈಗೆ ಕೊಟ್ಟರಂತೆ. ಅದು ನಮ್ಮ ಮನೆಗೆ ಬಂದದ್ದು ಹಾಗೆ. ಹಾಲು ಹಾಕಿದ ಫಿಲ್ಟರ್ ಕಾಫಿಯನ್ನು ನಮ್ಮ ಕೇರಿಯಲ್ಲಿ ಮೊದಲು ಮಾಡಿದವರು ಅಜ್ಜಿಯೇ. ಶಾಲೆಯ ಮೇಷ್ಟರು ಮನೆಗೆ ಬಂದು, ಹುಡುಗಿಯನ್ನು ಹೈಸ್ಕೂಲಿಗೆ ಕಳಿಸಿ ಎಂದು ಅಪ್ಪನಿಗೆ ಹೇಳಿದ ದಿವಸ ಅವರ ಮುಂದೆ ಇಟ್ಟದ್ದೂ ಅದರ ಕಾಫಿಯನ್ನೇ. ನಮ್ಮ ಮನೆಯಲ್ಲಿ ಪದವಿಯ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆ ಕಾಫಿಯ ಪಾಲು ಅದರಲ್ಲಿ ಎಷ್ಟೆಂದು ಲೆಕ್ಕ ಹಾಕಲು ಬರುವುದಿಲ್ಲ.

ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು ಬೆರೆತ ಲೋಹ. ಹುಳಿ ಪದಾರ್ಥ ತಾಗಿದರೆ ಅದು ಕಿಲುಬು ಬಿಡುತ್ತದೆ. ಕಾಫಿಯೂ ಸ್ವಲ್ಪಮಟ್ಟಿಗೆ ಹುಳಿಯೇ. ಆದ್ದರಿಂದ ಒಳಮೈಗೆ ಕಲಾಯಿ ಹಾಕಿಸುವುದು. ಪಾತ್ರೆಯನ್ನು ಬೆಂಕಿಯ ಮೇಲೆ ಕಾಯಿಸಿ, ನವಸಾಗರ ಉದುರಿಸಿ ಮೈಯ ಕೊಳೆ ತೆಗೆದು, ತವರದ ಕಡ್ಡಿ ತಾಗಿಸಿದರೆ ತವರ ಕರಗಿ ಹರಡುತ್ತದೆ. ತವರ ಕರಗುವುದು 232 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಹಿತ್ತಾಳೆ ಕರಗಬೇಕಾದರೆ 900 ಡಿಗ್ರಿ ದಾಟಬೇಕು. ಆದುದರಿಂದ ಈ ಕೆಲಸ ಬೀದಿಯ ಬದಿಯ ತಿದಿಯೊಂದರಿಂದಲೇ ಆಗಿಬಿಡುತ್ತಿತ್ತು. ನಾನು ಚಿಕ್ಕವಳಿದ್ದಾಗ ವರ್ಷಕ್ಕೊಮ್ಮೆ ಕಲಾಯಿಯವರು ಬರುತ್ತಿದ್ದರು. ಬರಬರುತ್ತ ಎರಡು ವರ್ಷಕ್ಕೊಮ್ಮೆಯಾಯಿತು, ಆಮೇಲೆ ನಿಂತೇ ಹೋಯಿತು. ಮನೆಗಳಲ್ಲಿ ಹಿತ್ತಾಳೆಯೇ ಇಲ್ಲದ ಮೇಲೆ ಅವರು ಬಂದು ಮಾಡುವುದಾದರೂ ಏನು? ಹೀಗೆ ಕಲಾಯಿಯಿಲ್ಲದೆ ಫಿಲ್ಟರಿನ ಒಳಮೈ ಕೆಂಪಗಾಯಿತು. ಕೆಳಗಿನ ಪಾತ್ರೆಯ ತಳದ ಬೆಸುಗೆ ಬಿಟ್ಟು ಡಿಕಾಕ್ಷನ್ ಸೋರತೊಡಗಿತು. ಅವ್ವ ಅದನ್ನು ಅಟ್ಟಕ್ಕೆ ಹಾಕಿ, ಪೇಟೆಯ ಪಾತ್ರೆ ಅಂಗಡಿಯಿಂದ ಸ್ಟೀಲಿನದೊಂದನ್ನು ತಂದರು. ಹೊಳೆಯುವ ಪಾತ್ರೆ, ಹುಣಿಸೆಹಣ್ಣಿನಿಂದ ಉಜ್ಜಬೇಕಾಗಿಲ್ಲ, ಕಲಾಯಿ ಬೇಕಾಗಿಲ್ಲ, ಆರು ಜನಕ್ಕೆ ಸಾಕಾಗುವಷ್ಟು ದೊಡ್ಡದು.

ಮೊದಲ ದಿನದ ಕಾಫಿಗೆ ಅವ್ವ ಕೊಟ್ಟ ತೀರ್ಪು ಇದು: “ಬಾಯಿಗ್ ಬತ್ತದೆ, ಎದೆಗ್ ಇಳಿಯಾಕಿಲ್ಲ ಕಣವ್ವ.” ಅಜ್ಜಿ ಏನೂ ಅನ್ನಲಿಲ್ಲ. ಒಂದು ವಾರ ಕಳೆದ ಮೇಲೆ “ನನಗೆ ಅರ್ಧ ಲೋಟ ಸಾಕು ಬುಡು” ಅಂದರು. ಐವತ್ತು ವರ್ಷ ಬೆಳಗ್ಗೆ ಎದ್ದ ತಕ್ಷಣ ಪೂರ್ತಿ ಲೋಟ ಕುಡಿದವರು ಹಾಗೆಂದರೆ ಅದರ ಅರ್ಥ ಮನೆಯವರಿಗೆಲ್ಲ ತಿಳಿಯುತ್ತದೆ. ಅವ್ವ ಪುಡಿ ಹೆಚ್ಚು ಹಾಕತೊಡಗಿದರು. ಹದಿನೈದು ದಿನ ಬರುತ್ತಿದ್ದ ಕಾಲು ಕಿಲೋ ಹತ್ತು ದಿನಕ್ಕೆ ಮುಗಿಯಿತು. 2024 ಮತ್ತು 2025ರಲ್ಲಿ ಬ್ರೆಜಿಲ್, ವಿಯಟ್ನಾಂಗಳ ಬೆಳೆ ಕೈಕೊಟ್ಟು ಕಾಫಿಯ ಬೆಲೆ ಜಗತ್ತಿನಲ್ಲೆಲ್ಲ ಏರಿದಾಗ ಬೆಳೆಗಾರರಿಗೆ ಹಬ್ಬವಾಯಿತು. ಪುಡಿ ಕೊಳ್ಳುವವರ ಪಾಡು ಬೇರೆ. ಶಾಲೆಯ ಬಿಸಿಯೂಟದ ಅಡುಗೆ ಮಾಡಿ ಸಂಸಾರ ನಡೆಸುವ ಅವ್ವನಿಗೆ ಒಂದೂವರೆ ಪಾಲು ಪುಡಿಯೆಂಬುದು ಸಣ್ಣ ಮಾತಲ್ಲ. ಅಷ್ಟು ಹಾಕಿದರೂ ಕಾಫಿ ಕಹಿಯಾಯಿತೇ ಹೊರತು ಗಟ್ಟಿಯಾಗಲಿಲ್ಲ.

ಆಗ ನಾನು ಅಟ್ಟದಿಂದ ಹಳೆಯದನ್ನು ಇಳಿಸಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಸೋರುತ್ತಿದ್ದದ್ದು ಕೆಳಗಿನ ಪಾತ್ರೆ. ಮೇಲಿನದು ಗಟ್ಟಿಯಾಗಿಯೇ ಇತ್ತು. ಅದನ್ನು ಹುಣಿಸೆಹಣ್ಣಿನಿಂದ ಚೆನ್ನಾಗಿ ಉಜ್ಜಿ ತೊಳೆದು, ಬಾಯಿ ಸರಿಹೊಂದುವ ಒಂದು ಚೊಂಬಿನ ಮೇಲೆ ಕೂರಿಸಿದೆ. ಎರಡಕ್ಕೂ ಒಂದೇ ಪೊಟ್ಟಣದ ಪುಡಿ, ಮೂರು ಮೂರು ಚಮಚ. ಒಂದೇ ಪಾತ್ರೆಯಲ್ಲಿ ಕುದಿದ ನೀರು, ಒಂದೊಂದು ಲೋಟ. ಹೊಸದರಲ್ಲಿ ನೀರು ಇಳಿದು ಮುಗಿಯಲು ಆರು ನಿಮಿಷ ಸಾಕಾಯಿತು. ಹಳೆಯದು ಇಪ್ಪತ್ತೆಂಟು ನಿಮಿಷ ತೆಗೆದುಕೊಂಡಿತು. ಒಂದು ಮಳೆ ಬಂದು ಹೋದಂತೆ, ಇನ್ನೊಂದು ಸೂರಿನಿಂದ ಹನಿ ತೊಟ್ಟಿಕ್ಕಿದಂತೆ. ಹಳೆಯದರ ಡಿಕಾಕ್ಷನ್ನನ್ನು ಕಲಾಯಿ ಹೋದ ಪಾತ್ರೆಯದೆಂದು ನಾವು ಕುಡಿಯಲಿಲ್ಲ. ಬಣ್ಣ ನೋಡಿ, ಮೂಸಿ ಚೆಲ್ಲಿದೆವು. ಅಜ್ಜಿಗೆ ಮೂಸಿದ್ದೇ ಸಾಕಾಯಿತು.

ಈ ಇಪ್ಪತ್ತೆರಡು ನಿಮಿಷಗಳ ವ್ಯತ್ಯಾಸದಲ್ಲಿಯೇ ಎಲ್ಲವೂ ಇದೆ. ಹುರಿದ ಕಾಫಿಯ ತೂಕದಲ್ಲಿ ಬಿಸಿನೀರಿಗೆ ಕರಗಿ ಬರಬಲ್ಲದ್ದು ನೂರಕ್ಕೆ ಹೆಚ್ಚೆಂದರೆ ಮೂವತ್ತು ಪಾಲು; ಉಳಿದದ್ದು ಕಟ್ಟಿಗೆಯಂಥ ನಾರು. ಆ ಮೂವತ್ತೂ ಬರುವುದು ಬೇಕಾಗಿಲ್ಲ. 18ರಿಂದ 22ರವರೆಗೆ ಬಂದರೆ ರುಚಿ ಹದವಾಗಿರುತ್ತದೆಂದು ಬಲ್ಲವರ ಅಭಿಪ್ರಾಯ. ಇವು ಒಟ್ಟಿಗೆ ಕರಗುವುದಿಲ್ಲ. ಮೊದಲು ಬಿಡುವುದು ಹುಳಿ ಮತ್ತು ಪರಿಮಳ, ಅನಂತರ ಸಿಹಿ ಮತ್ತು ಮೈಗಟ್ಟು, ಕಡೆಗೆ ಕಹಿ. ನೀರು ಅವಸರದಲ್ಲಿ ಓಡಿಹೋದರೆ ಮೊದಲಿನದು ಮಾತ್ರ ಜೊತೆಯಲ್ಲಿ ಹೋಗುತ್ತದೆ, ನಡುವಿನದು ಪುಡಿಯಲ್ಲೇ ಉಳಿಯುತ್ತದೆ. ಅವ್ವನ ತೀರ್ಪನ್ನು ರಸಾಯನಶಾಸ್ತ್ರದ ಭಾಷೆಗೆ ತಿರುಗಿಸಿದರೆ ಇಷ್ಟೇ ಆಗುವುದು. ಹಾಗಾದರೆ ಪುಡಿ ಹೆಚ್ಚಿಸಿದಾಗ ಕಹಿ ಬಂದದ್ದೇಕೆ? ಗದ್ದೆಗೆ ನೀರು ಕಟ್ಟುವವರಿಗೆ ಇದನ್ನು ಹೇಳಬೇಕಾಗಿಲ್ಲ. ಬದು ಎಲ್ಲಿ ಸಡಿಲವೋ ನೀರು ಅಲ್ಲೇ ನುಗ್ಗಿ ಕಾಲುವೆ ಮಾಡಿಕೊಳ್ಳುತ್ತದೆ. ಆ ದಾರಿಯ ಮಣ್ಣೆಲ್ಲ ಕೊಚ್ಚಿಹೋಗುತ್ತದೆ, ಪಕ್ಕದ ಮಣ್ಣು ಒಣಗಿಯೇ ಇರುತ್ತದೆ. ಹೊಸ ಫಿಲ್ಟರಿನ ಚರಟವನ್ನು ಒಡೆದು ನೋಡಿದಾಗ ಒಂದು ಪಕ್ಕದಲ್ಲಿ ಪುಡಿ ಸೊರಗಿ ಬೆಳ್ಳಗಾಗಿತ್ತು, ಇನ್ನೊಂದು ಪಕ್ಕದಲ್ಲಿ ಕಪ್ಪಗೆ ಹಾಗೇ ಇತ್ತು. ಸೊರಗಿದ ಕಡೆಯಿಂದ ಕಹಿ, ಸೊರಗದ ಕಡೆಯಿಂದ ನಷ್ಟ.

ನೀರು ಓಡಿದ್ದೇಕೆ ಎಂಬುದಕ್ಕೆ ಮೂರು ಕಾರಣಗಳು ಕಂಡವು; ಅವುಗಳಲ್ಲಿ ಮೊದಲನೆಯದನ್ನು ಯಾರಾದರೂ ಊಹಿಸಬಹುದು. ರಂಧ್ರಗಳು. ಹೊಲಿಗೆಯ ಸೂಜಿಯನ್ನು ಹೊಸದರ ತೂತಿನಲ್ಲಿಟ್ಟರೆ ಕಣ್ಣಿನವರೆಗೂ ಸರಾಗವಾಗಿ ಇಳಿಯುತ್ತದೆ; ಹಳೆಯದರಲ್ಲಿ ಮೊನೆ ಮಾತ್ರ ಹೋಗಿ ನಿಲ್ಲುತ್ತದೆ. ಹಳೆಯದು ಹುಟ್ಟುವಾಗಲೇ ಅಷ್ಟು ಕಿರಿದಾಗಿತ್ತೆಂದು ಹೇಳಲಾಗದು. ಪ್ರತಿ ಸಲ ಕಲಾಯಿ ಹಾಕಿದಾಗಲೂ ಕರಗಿದ ತವರ ತೂತುಗಳ ಅಂಚಿಗೂ ಹಿಡಿದಿದೆ. ಕೆಲವು ಮುಚ್ಚಿಯೇ ಹೋದಾಗ ಅಜ್ಜಿ ಅವನ್ನು ಸೂಜಿಯಿಂದ ಚುಚ್ಚಿ ಬಿಡಿಸುತ್ತಿದ್ದರು. ಅಂದರೆ ಆ ಫಿಲ್ಟರು ಅಂಗಡಿಯಲ್ಲಿ ತಯಾರಾದದ್ದಲ್ಲ, ಮನೆಯಲ್ಲಿ ಅನೇಕ ವರ್ಷಗಳ ಕಾಲ ತಯಾರಾದದ್ದು. ಅಂಥದನ್ನು ಅಂಗಡಿಯಲ್ಲಿ ಕೊಳ್ಳುವುದು ಹೇಗೆ?

ಎರಡನೆಯದು ಪಾತ್ರೆಯ ಅಗಲ. ಇದನ್ನು ನಾನು ಪುಸ್ತಕದಿಂದ ಕಲಿತೆ. ಆನ್ರಿ ಡಾರ್ಸಿ ಎಂಬ ಫ್ರೆಂಚ್ ಇಂಜಿನಿಯರು ದಿಜಾನ್ ನಗರದ ನೀರಿನ ವ್ಯವಸ್ಥೆಯನ್ನು ಕುರಿತು 1856ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮರಳಿನ ಮೂಲಕ ನೀರು ಇಳಿಯುವ ನಿಯಮವನ್ನು ಹೇಳಿದ್ದಾನೆ. ಮೇಲೆ ನಿಂತ ನೀರಿನ ಒತ್ತಡ ಹೆಚ್ಚಿದಷ್ಟೂ ಹರಿವು ಹೆಚ್ಚು. ಪದರ ದಪ್ಪವಾದಷ್ಟೂ ಹರಿವು ಕಡಿಮೆ. ಹರವು ಹೆಚ್ಚಿದಷ್ಟೂ ನೀರಿಗೆ ದಾರಿ ಹೆಚ್ಚು. ಕಾಫಿಪುಡಿಗೂ ಇದೇ ನ್ಯಾಯ. ನಮ್ಮ ಹಳೆಯ ಪಾತ್ರೆಯ ತಳದ ಅಡ್ಡಳತೆ ಎರಡೂವರೆ ಅಂಗುಲ, ಹೊಸದರದು ಮೂರೂಕಾಲು. ಮುಕ್ಕಾಲು ಅಂಗುಲ ಏನು ಮಹಾ ಎನ್ನಿಸುತ್ತದೆ. ಆದರೆ ಲೆಕ್ಕ ಹಾಕಿದರೆ, ಹಳೆಯದರಲ್ಲಿ ಹತ್ತು ಪಾಲು ದಪ್ಪವಾಗಿ ಕೂರುವ ಅದೇ ಪುಡಿ ಹೊಸದರಲ್ಲಿ ಆರು ಪಾಲಿಗೆ ಇಳಿಯುತ್ತದೆ. ನಾಲ್ಕು ಜನರ ಪುಡಿಯನ್ನು ಆರು ಜನರ ಫಿಲ್ಟರಿನಲ್ಲಿ ಹಾಕಿದರೆ ಅದು ಪದರವಾಗುವುದಿಲ್ಲ, ಹರಡಿದ ಹಿಟ್ಟಾಗುತ್ತದೆ. ಹಬ್ಬಕ್ಕೆ ನೆಂಟರು ಬಂದು ಪಾತ್ರೆ ತುಂಬ ಪುಡಿ ಹಾಕಿದ ದಿನ ಇದೇ ಫಿಲ್ಟರಿನ ಕಾಫಿ ಚೆನ್ನಾಗಿತ್ತೆಂಬುದು ನಮಗೆ ವಿಚಿತ್ರವಾಗಿ ಕಂಡಿತ್ತು. ಡಾರ್ಸಿಯ ನಿಯಮ ತಿಳಿದ ಮೇಲೆ ವಿಚಿತ್ರವೇನೂ ಉಳಿಯಲಿಲ್ಲ. ದೊಡ್ಡದು ಕೊಂಡರೆ ಲಾಭವೆಂಬ ಗೃಹಿಣಿಯರ ಸೂತ್ರ ಕೊಡಪಾನಕ್ಕೆ ಸರಿ, ಫಿಲ್ಟರಿಗೆ ಸಲ್ಲದು.

ಮೂರನೆಯದು ಛತ್ರಿ. ಹಳೆಯದರ ಛತ್ರಿ ದಪ್ಪ, ಭಾರ. ಪಾತ್ರೆಯ ಒಳಸುತ್ತಿಗೆ ಒತ್ತಿಕೊಂಡು ಇಳಿಯುತ್ತಿತ್ತು. ಹೊಸದರದು ಕಾಗದದಂತೆ ತೆಳು, ಸುತ್ತಲೂ ಕಡ್ಡಿ ಹೋಗುವಷ್ಟು ಸಂದು. ನೀರು ಹೊಯ್ದೊಡನೆ ಅದು ಒಂದು ಕಡೆ ವಾಲುತ್ತದೆ; ವಾಲಿದ ಕಡೆಯಲ್ಲಿ ಬದು ಒಡೆಯುತ್ತದೆ.

ಇನ್ನು ಲೋಹದ ಮಾತು. ಹಿತ್ತಾಳೆಯ ಕಾಫಿಯ ರುಚಿಯೇ ಬೇರೆ, ಸ್ಟೀಲಿಗೆ ಆ ಗುಣವಿಲ್ಲ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ. ಅವರ ನಾಲಗೆಯ ಮೇಲೆ ನನಗೆ ಪೂರ್ಣ ವಿಶ್ವಾಸವಿದೆ. ಅವರ ಕಾರಣದ ಮೇಲೆ ಇಲ್ಲ. ಕಲಾಯಿ ಹಾಕಿದ ಪಾತ್ರೆಯಲ್ಲಿ ಕಾಫಿಗೆ ತಾಗುವುದು ತವರವೇ ಹೊರತು ಹಿತ್ತಾಳೆಯಲ್ಲ. ಹಿತ್ತಾಳೆ ತಾಗಿದರೆ ಬರುವುದು ರುಚಿಯಲ್ಲ, ಕಿಲುಬು. ಹಿತ್ತಾಳೆ ಬಿಸಿ ಹಿಡಿದಿಡುತ್ತದೆಂಬ ವಾದವೂ ನಿಲ್ಲುವುದಿಲ್ಲ. ಶಾಖವನ್ನು ಸಾಗಿಸುವುದರಲ್ಲಿ ಅದು ಸ್ಟೀಲಿಗಿಂತ ಏಳೆಂಟು ಪಟ್ಟು ಮುಂದು, ಮುಟ್ಟಿದ ಬೆರಳಿಗೆ ಗೊತ್ತಾಗುತ್ತದೆ. ಬಿಸಿಯನ್ನು ಕಾಪಾಡುವುದು ಮುಚ್ಚಳದ ಬಿಗಿ ಮತ್ತು ಮೊದಲೇ ಪಾತ್ರೆಗೆ ಬಿಸಿನೀರು ಹೊಯ್ದು ಚೆಲ್ಲುವ ಅಭ್ಯಾಸ. ಸ್ಟೀಲಿನ ಮೇಲೆ ದೋಷ ಹೊರಿಸುವುದು ನ್ಯಾಯವಲ್ಲ. ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತಯಾರಿಸಿದನಷ್ಟೆ. ನಮ್ಮ ಹೆಂಗಸರನ್ನು ಹುಣಿಸೆಹಣ್ಣು, ಬೂದಿಗಳಿಂದ ಬಿಡುಗಡೆ ಮಾಡಿದ್ದು ಅದೇ. ಅವ್ವ ಬೆಳಗ್ಗೆ ಉಳಿಸಿದ ಕಾಲು ಗಂಟೆಯಲ್ಲಿ ನನ್ನ ಬುತ್ತಿ ತಯಾರಾಗಿದೆ. ದೋಷ ಲೋಹದ್ದಲ್ಲ, ಅದನ್ನು ಫಿಲ್ಟರು ಮಾಡಿದವರ ಅವಸರದ್ದು.

ಇಲ್ಲಿ ಸ್ವಲ್ಪ ಅರ್ಥಶಾಸ್ತ್ರ. ನಮ್ಮ ಪೇಟೆಯಲ್ಲಿ ಹಿತ್ತಾಳೆಯನ್ನು ತೂಕದ ಮೇಲೆ ಮಾರುತ್ತಾರೆ. ಛತ್ರಿ ದಪ್ಪವಾದರೆ ಮಾರುವವನಿಗೆ ನಷ್ಟವಿಲ್ಲ. ಸ್ಟೀಲಿನ ಫಿಲ್ಟರನ್ನು ಒಂದಕ್ಕಿಷ್ಟೆಂದು ಮಾರುತ್ತಾರೆ. ಮಾಡುವವನು ಎಷ್ಟು ತೆಳುವಾಗಿ ಮಾಡಿದರೆ ಅಷ್ಟು ಉಳಿತಾಯ. ಕೊಳ್ಳುವವರು ನೋಡುವುದು ಹೊಳಪನ್ನು, ಗಾತ್ರವನ್ನು. ತೂತನ್ನು ಬೆಳಕಿಗೆ ಹಿಡಿದು ಯಾರೂ ನೋಡುವುದಿಲ್ಲ. ನೋಡದ ಗುಣಕ್ಕೆ ಯಾರು ಹಣ ಖರ್ಚು ಮಾಡುತ್ತಾರೆ?

ಪುಡಿಯ ವಿಷಯವನ್ನೂ ಹೇಳಿಬಿಡಬೇಕು. ಬೆರಕೆ ಪುಡಿಯಲ್ಲಿರುವ ಚಿಕೋರಿ ಒಂದು ಗಿಡದ ಬೇರು. ಅದನ್ನು ಹುರಿದು ಪುಡಿ ಮಾಡಿದ್ದು. ಅದರಲ್ಲಿ ಕೆಫೀನ್ ಇಲ್ಲ, ಆದರೆ ಕಾಫಿಗಿಂತ ಹೆಚ್ಚು ಪಾಲು ನೀರಿನಲ್ಲಿ ಕರಗಿ ದಟ್ಟ ಬಣ್ಣ ಕೊಡುತ್ತದೆ. ಕಾನೂನಿನ ಪ್ರಕಾರ ಬೆರಕೆಯಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆಯಿರಕೂಡದು; ಎಷ್ಟಿದೆಯೆಂಬುದನ್ನು ಪೊಟ್ಟಣದ ಮೇಲೆ ಮುದ್ರಿಸಿರುತ್ತಾರೆ. ತೆಳುವಾದ ಡಿಕಾಕ್ಷನ್ನನ್ನು ಮರೆಮಾಚಲು ಚಿಕೋರಿ ಹೆಚ್ಚಿರುವ ಪುಡಿಗೆ ಹೋಗುವುದು ಸುಲಭ. ನಮ್ಮ ನೆರೆಯವರು ಹಾಗೆ ಮಾಡಿದರು. ಅಜ್ಜಿ ಒಂದು ಗುಟುಕಿಗೆ ಅದನ್ನು ಕಂಡುಹಿಡಿದರು.

ನಾವು ಮಾಡಿದ ಉಪಾಯಗಳಲ್ಲಿ ಕೆಲವು ಫಲಿಸಿದವು. ಪುಡಿಯನ್ನು ಬಹಳ ನುಣುಪಾಗಿ ಬೀಸಿಸಿ ತಂದದ್ದು ಫಲಿಸಲಿಲ್ಲ. ದೊಡ್ಡ ತೂತುಗಳಿಂದ ಪುಡಿಯೇ ಜಾರಿ ಲೋಟದ ತಳದಲ್ಲಿ ಗಸಿ ನಿಂತಿತು. ತಳಕ್ಕೆ ತೆಳುವಾದ ಬಿಳಿ ಮಲ್ಲಿನ ಬಟ್ಟೆಯನ್ನು ಬಿಲ್ಲೆಯಾಗಿ ಕತ್ತರಿಸಿ ಹಾಕಿದ್ದು ಚೆನ್ನಾಗಿ ಫಲಿಸಿತು. ಆದರೆ ಬಟ್ಟೆಯನ್ನು ಪ್ರತಿದಿನ ಕುದಿಸಿ ಒಣಗಿಸದಿದ್ದರೆ ಮೂರನೆಯ ದಿನಕ್ಕೇ ಮುಗ್ಗಲು ವಾಸನೆ ಬರುತ್ತದೆ. ಬಟ್ಟೆಯಲ್ಲಿ ಸೋಸುವ ಕಾಫಿಯಿಂದ ಹೊರಟವರು ಮತ್ತೆ ಬಟ್ಟೆಗೇ ಬಂದೆವಲ್ಲ ಎಂದು ಅವ್ವ ನಕ್ಕರು. ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು, ನೀರನ್ನು ಒಂದೇ ಸಲ ಹೊಯ್ಯದಿರುವುದು. ಪುಡಿಯನ್ನು ಲೋಟದ ತಳದಿಂದ ಸಮವಾಗಿ ಅದುಮಿ, ಮೊದಲು ಪುಡಿ ನೆನೆಯುವಷ್ಟೇ ನೀರು ಚಿಮುಕಿಸಿ, ಎರಡು ನಿಮಿಷ ಬಿಡಬೇಕು. ಪುಡಿ ಉಬ್ಬಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ಉಳಿದ ನೀರನ್ನು ಛತ್ರಿಯ ನಡುವೆ ನಿಧಾನವಾಗಿ ಹೊಯ್ದು ಬಿಗಿಯಾಗಿ ಮುಚ್ಚಬೇಕು. ಇಷ್ಟು ಮಾಡಿದರೆ ಆರು ನಿಮಿಷದ್ದು ಹದಿನೈದಕ್ಕೆ ಏರುತ್ತದೆ. ಪುಡಿಯ ಖರ್ಚೂ ಬಹುಮಟ್ಟಿಗೆ ಹಳೆಯ ಲೆಕ್ಕಕ್ಕೆ ಬಂದಿದೆ. ಅಜ್ಜಿಯ ಲೋಟ ಮುಕ್ಕಾಲಿನವರೆಗೆ ಬಂದು ಅಲ್ಲಿ ನಿಂತಿದೆ.

ಹಳೆಯದನ್ನೇ ದುರಸ್ತಿ ಮಾಡಿಸಬಾರದೇ ಎಂದು ಕೇಳುವವರುಂಟು. ಬೆಸುಗೆ ಹಾಕಲು ಒಪ್ಪಿದವರೊಬ್ಬರು ಸಿಕ್ಕಿದ್ದರು. ಅವರು ಹಾಕುವುದು ಸೀಸ ಬೆರೆತ ಬೆಸುಗೆ. ಕುಡಿಯುವ ಪದಾರ್ಥದ ಪಾತ್ರೆಗೆ ಸೀಸ ವಿಷ. ಶುದ್ಧ ತವರದಿಂದ ಮಾಡುವವರನ್ನು ಹುಡುಕುತ್ತಿದ್ದೇವೆ. ಈಚೆಗೆ ಹಿತ್ತಾಳೆಯ ಫಿಲ್ಟರುಗಳು ಮತ್ತೆ ಅಂಗಡಿಗಳಲ್ಲಿ ಕಾಣಿಸಿಕೊಂಡಿವೆ, ಷೋಕೇಸಿನಲ್ಲಿ, ಕೆಂಪು ರಟ್ಟಿನ ಡಬ್ಬಿಯಲ್ಲಿ, ಮದುವೆಯ ಉಡುಗೊರೆಗೆಂದು. ಕಳೆದ ದಸರಾ ರಜೆಯಲ್ಲಿ ಅವ್ವನೂ ನಾನೂ ಹಾಸನಕ್ಕೆ ಹೋಗಿದ್ದಾಗ ಒಂದನ್ನು ತೆಗೆಸಿ ನೋಡಿದೆವು. ಬೆಲೆ ಸ್ಟೀಲಿನದರ ನಾಲ್ಕರಷ್ಟು. ಅವ್ವ ಸೆರಗಿನ ಸೂಜಿಯನ್ನು ತೆಗೆದು ತಳದ ತೂತಿಗೆ ಇಟ್ಟರು. ಅದು ಸರಾಗವಾಗಿ ಇಳಿಯಿತು. ಅಂಗಡಿಯವರಿಗೆ ವಂದನೆ ಹೇಳಿ ಹೊರಗೆ ಬಂದೆವು.